ಮಸಾಯಿ ಮಾರಾಕ್ಕೆ ಹೊರಟಿದ್ದೀರಾ? ನಿಮ್ಮ ಡಾಲರ್ ಯಾರ ಕೈಗೆ ಹೋಗುತ್ತದೆ ಅಂತ ಮೊದಲು ಕೇಳಿ

ಕೀನ್ಯಾದ ಮಸಾಯಿ ಮಾರಾ ಅನ್ನೋ ವನ್ಯಜೀವಿ ಧಾಮದಲ್ಲಿ ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ಟಿಕೆಟ್ ತಲೆಗೆ ದಿನಕ್ಕೆ 200 ಡಾಲರ್. ಉಳಿದ ತಿಂಗಳು 100. ದಿನ ಅಂದರೆ ಬೆಳಗ್ಗೆ 6ರಿಂದ ಸಂಜೆ 6, ಅಷ್ಟೇ. ನಮ್ಮ ಪ್ಯಾಕೇಜಿನವರು ನೈರೋಬಿಯಿಂದ ಆರಾಮಾಗಿ ಹೊರಟು, ರಿಫ್ಟ್ ಕಣಿವೆ ಕಾಣುವ ಜಾಗದಲ್ಲಿ ಅವರಿಗೆ ಕಮಿಷನ್ ಸಿಗುವ ಅಂಗಡಿಯೊಳಗೆ ಕೂರಿಸಿ, ಊಟ ಅಂತ ನರೋಕ್ ಪಟ್ಟಣದಲ್ಲಿ ಇನ್ನಷ್ಟು ಹೊತ್ತು ಕಳೆದು, ಸೆಕೆನಾನಿ ಗೇಟಿಗೆ ಮುಟ್ಟಿಸಿದ್ದು ನಾಲ್ಕು ಗಂಟೆಗೆ. ಎರಡು ಗಂಟೆ ನೋಡಲು ಇಡೀ ದಿನದ ದುಡ್ಡು! ಬಂದ ದಿನ ಗೇಟಿನ ಹೊರಗೇ ಉಳಿದು, ಮರುದಿನ ಆರಕ್ಕೆ ಒಳಗೆ ಹೋಗುತ್ತೇವೆ ಅಂತ ಬುಕ್ ಮಾಡುವಾಗಲೇ ಹೇಳಿ.

ಮಾರಾ ನದಿ ದಾಟುವ ವೈಲ್ಡ್‌ಬೀಸ್ಟ್ (ದನದಂಥ ಕಾಡುಪ್ರಾಣಿ) ನೋಡಲು ಹೋದರೆ ಪ್ರಾಣಿಗಿಂತ ಜೀಪೇ ಜಾಸ್ತಿ. ನನಗೆ ಜನಜಂಗುಳಿ ಆಗಲ್ಲ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಉಪ್ಪು ಖಾರ ಕಳೆದೇ ತಗೊಳ್ಳಿ.

ನನಗೆ ಹೊಟ್ಟೆ ಉರಿದದ್ದು ಹಟ್ಟಿಯಲ್ಲಿ. ಮಸಾಯಿ ಹಟ್ಟಿ ತೋರಿಸುತ್ತೇನೆ ಅಂತ ಡ್ರೈವರ್ ತಲೆಗೆ 30 ಡಾಲರ್ ತಗೊಂಡ. ಗಂಡಸರು ಜಿಗಿದು ಕುಣಿದರು, ಸಗಣಿ ಮೆತ್ತಿದ ಗುಡಿಸಲೊಳಗೆ ಕರೆದುಕೊಂಡು ಹೋದರು, ಆಮೇಲೆ ಮಣಿಸರ ಹರಡಿದರು. ಹೊರಡುವ ಮುಂಚೆ ಸರ ಮಾರುತ್ತಿದ್ದ ಹೆಂಗಸೊಬ್ಬರನ್ನು ಕೇಳಿದರೆ, ಆ ದುಡ್ಡಿನಲ್ಲಿ ಹಟ್ಟಿಗೆ ಬರುವುದು ಚೂರುಪಾರು, ಮಿಕ್ಕಿದ್ದು ಡ್ರೈವರ್ ಪಾಲು ಅಂದರು. ಆದ್ದರಿಂದ ಡ್ರೈವರ್ ಕೈಗೆ ಕೊಡಬೇಡಿ. ಹಟ್ಟಿಯ ಹಿರಿಯರ ಜೊತೆ ನೀವೇ ಮಾತಾಡಿ, ಅವರ ಕೈಗೇ ಕೊಡಿ. ಸರ ಬೇಕಿದ್ದರೆ ಮಾಡಿದ ಹೆಂಗಸಿನಿಂದಲೇ ಕೊಳ್ಳಿ, ದಾರಿಯ ಅಂಗಡಿಯಲ್ಲಿ ಬೇಡ.

ಈಗ ಊಟದ ವಿಷಯ. ತಲೆಕ್ ಅನ್ನೋ ಊರು ಮಾರಾದ ಅಂಚಿಗೇ ಇದೆ. ಅಲ್ಲಿನ ತಗಡಿನ ಚಾವಣಿಯ ಹೋಟೆಲೊಂದರಲ್ಲಿ ಚಪಾತಿ, ಎನ್‌ಡೆಂಗು ಸಿಕ್ಕಿತು. ಎನ್‌ಡೆಂಗು ಅಂದರೆ ನಮ್ಮ ಹೆಸರುಕಾಳೇ, ಈರುಳ್ಳಿ ಟೊಮೇಟೊ ಹಾಕಿ ಗಟ್ಟಿಯಾಗಿ ಬೇಯಿಸಿದ್ದು. ಚಪಾತಿ ದಪ್ಪ, ಪದರ ಪದರ, ಎಣ್ಣೆ ಧಾರಾಳ. ಜೊತೆಗೆ ಸುಕುಮಾ ವೀಕಿ ಅನ್ನೋ ಸೊಪ್ಪಿನ ಪಲ್ಯ, ಹಾಲಿನಲ್ಲೇ ಕುದಿಸಿದ ಚಹಾ. ನಾವು ಉಳಿದಿದ್ದ ಕ್ಯಾಂಪಿನವರು ಸಸ್ಯಾಹಾರ ಅಂತ ಬೇಯಿಸಿದ ಕ್ಯಾರೆಟ್ ಕೊಟ್ಟು ಸಾಕು ಮಾಡಿದ್ದರು, ಇಲ್ಲಿ ಇಬ್ಬರು ಹೊಟ್ಟೆ ತುಂಬ ತಿಂದರೂ ಕ್ಯಾಂಪಿನ ಒಂದು ನೀರಿನ ಬಾಟಲಿಯಷ್ಟೂ ಖರ್ಚಾಗಲಿಲ್ಲ. ಮೇಲೆ ಖಾರಕ್ಕೆ ಹಸಿಮೆಣಸು ಕೇಳಿದರೆ ನಗುತ್ತಾ ಕೊಟ್ಟರು. ಆಮೇಲೆ ಊಟಕ್ಕೆಲ್ಲ ಅಲ್ಲಿಗೇ ಹೋದೆವು.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕನ್ಸರ್ವೆನ್ಸಿಗೆ, ಅಂದರೆ ಪ್ರಾಣಿಗಳಿಗಾಗಿ ಬಿಟ್ಟ ಖಾಸಗಿ ಪ್ರದೇಶಕ್ಕೆ, ಜಮೀನು ಕೊಟ್ಟವರು. ಮಾರಾದ ಸುತ್ತಲಿನ ಹುಲ್ಲುಗಾವಲು ಮೊದಲು ಮಸಾಯಿಗಳು ಒಟ್ಟಾಗಿ ಹೊಂದಿದ್ದ ನೆಲ. ಅದು ಹಂಚಿಕೆಯಾಗಿ ಒಬ್ಬೊಬ್ಬರ ಹೆಸರಿಗೆ ಬಂತು. ಕೆಲವರು ಬೇಲಿ ಹಾಕಿದರು, ಕೆಲವರು ಗೋಧಿ ಬೆಳೆಯಲು ಗುತ್ತಿಗೆಗೆ ಕೊಟ್ಟರು, ಓಡಾಡುವ ಪ್ರಾಣಿಗೂ ದನಕ್ಕೂ ದಾರಿ ಕಡಿದುಹೋಯಿತು. ಹಾಗಾಗಬಾರದು ಅಂತ ಕೆಲವು ಕಡೆ ಪಕ್ಕಪಕ್ಕದ ಜಮೀನಿನವರೆಲ್ಲ ಸೇರಿ ಕ್ಯಾಂಪ್‌ಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. 2010ರಲ್ಲಿ ಶುರುವಾದ ನಬೋಯಿಶೋ ಕನ್ಸರ್ವೆನ್ಸಿ ಸುಮಾರು 50,000 ಎಕರೆ, ಜಮೀನಿನವರು ಐನೂರಕ್ಕೂ ಜಾಸ್ತಿ. ಬಾಡಿಗೆ ತಿಂಗಳು ತಿಂಗಳು ಬರುತ್ತದೆ, ಪ್ರವಾಸಿ ಬರಲಿ ಬಿಡಲಿ. ಕೊರೊನಾದಲ್ಲಿ ಮಾತ್ರ ಕಡಿಮೆಯಾಯಿತಂತೆ. ದನ ಮೇಯಿಸಲು ಸರದಿ ಇದೆ, ಬೇಕಾದಾಗ ಬೇಕಾದಲ್ಲಿ ಬಿಡುವ ಹಾಗಿಲ್ಲ. ಬರ ಬಂದಾಗ ಇದೇ ಜಗಳ ಅಂದರು. ನನಗೆ ಇನ್ನೊಂದು ಚುಚ್ಚಿತು: ಜಮೀನಿನ ಪತ್ರ ಹೆಚ್ಚಾಗಿ ಗಂಡಸಿನ ಹೆಸರಲ್ಲೇ ಇರುವುದರಿಂದ ಬಾಡಿಗೆಯೂ ಅವನಿಗೇ. ಅದಕ್ಕೇ ಹೆಂಗಸರಿಂದಲೇ ಸರ ಕೊಳ್ಳಿ ಅಂದದ್ದು.

ಸಿಂಹದ ಕಥೆ ಅವರಿಗೆ ಬೇರೆ, ನಮಗೆ ಬೇರೆ ಅಲ್ವಾ. ನಾವು ಫೋಟೊ ತೆಗೆದು ಹೊರಟರೆ, ರಾತ್ರಿ ಅದು ದೊಡ್ಡಿ ಹಾರಿದರೆ ಹೋಗುವುದು ಅವರ ಹಸು. ಮುಳ್ಳಿನ ಬೇಲಿಯ ಜಾಗದಲ್ಲಿ ಈಗ ಕೆಲವರು ತಂತಿ ಜಾಲರಿ ಹಾಕಿಸಿದ್ದಾರೆ. ಮಿನುಗುವ ದೀಪವೂ ಇದೆ, ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆ ಅಂತ ಸಿಂಹ ಹೆದರುತ್ತದೆ. ಅದನ್ನು ಮಾಡಿದವನು ನೈರೋಬಿ ನ್ಯಾಷನಲ್ ಪಾರ್ಕ್ ಪಕ್ಕದ ಮಸಾಯಿ ಹುಡುಗ ರಿಚರ್ಡ್ ಟುರೆರೆ. ಕಾಡುಪ್ರಾಣಿಯಿಂದ ಜೀವ ಹೋದರೆ 2013ರ ಕಾಯ್ದೆ ಪ್ರಕಾರ 50 ಲಕ್ಷ ಶಿಲ್ಲಿಂಗ್ ಪರಿಹಾರ, ಆದರೆ ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕು.

ಕನ್ಸರ್ವೆನ್ಸಿ ಕ್ಯಾಂಪ್ ದುಬಾರಿ, ನಿಜ. ಆದರೆ ಅಲ್ಲಿ ಉಳಿದವರಿಗಷ್ಟೇ ಪ್ರವೇಶ, ಒಂದು ಸಿಂಹದ ಸುತ್ತ ನಿಲ್ಲುವ ಗಾಡಿಗೂ ಮಿತಿ ಇದೆ. ಕೈ ಕಚ್ಚಿದರೂ ಒಂದು ರಾತ್ರಿ ಅಲ್ಲಿ ಉಳಿಯಿರಿ, ಮಿಕ್ಕಿದ್ದಕ್ಕೆ ತಲೆಕ್‌ನಲ್ಲಿ ಅಗ್ಗದ ರೂಮು ಹಿಡಿಯಿರಿ. ಬುಕ್ ಮಾಡುವಾಗ ಜಮೀನಿನವರಿಗೆ ಬಾಡಿಗೆ ಕಟ್ಟುತ್ತೀರಾ ಅಂತ ನೇರವಾಗಿ ಕೇಳಿ. ಕಟ್ಟುವವರು ಖುಷಿಯಿಂದ ವಿವರ ಹೇಳುತ್ತಾರೆ.

ನರೋಕ್‌ನಿಂದ ಮಟಾಟು ಅನ್ನೋ ಬಾಡಿಗೆ ವ್ಯಾನಿನಲ್ಲಿ ಹೋಗುವವರು ಬೆಳಗ್ಗೆಯೇ ಹೊರಡಿ. ಸೀಟು ತುಂಬದೆ ಗಾಡಿ ಕದಲುವುದಿಲ್ಲ, 'ಈಗಲೇ ಹೊರಟ್ವಿ' ಅನ್ನುವ ಮಾತು ನಂಬಬೇಡಿ. ಏಪ್ರಿಲ್, ಮೇ ಮಳೆಗಾಲ. ಅಲ್ಲಿರುವುದು ನಮ್ಮ ಕಡೆಯಂಥದ್ದೇ ಕರಿ ಎರೆಮಣ್ಣು, ಹೂತ ಗಾಡಿ ಎಳೆಯಲು ಟ್ರ್ಯಾಕ್ಟರ್‌ನವರು ಕೇಳಿದಷ್ಟು ಕೊಡಬೇಕಾಗುತ್ತದೆ.