ಅತ್ತೆಯ ಕುಂಬಳಕ್ಕೆ ಅಪ್ಪ ಯಾರು?

ಅಕ್ಕ ಬಟ್ಟೆಯ ಚೀಲದಿಂದ ಕುಂಬಳಕಾಯಿಯೊಂದನ್ನು ತೆಗೆದು ಜಗಲಿಯ ಮೇಲೆ ಇಟ್ಟಾಗ ನಾನು ಹರಿವೆ ಬೀಜವನ್ನು ಪೊಟ್ಟಣ ಕಟ್ಟುತ್ತಿದ್ದೆ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ಕರಿಮಣಿಯ ಹಾಗೆ ಹೊಳೆಯುತ್ತದೆ. ಮಾತನಾಡುತ್ತ ಕಟ್ಟಿದರೆ ಅರ್ಧ ನೆಲದ ಪಾಲು. ಹಾಗಾಗಿ ತಲೆಯೆತ್ತದೆಯೇ, ‘ಯಾರ ಮನೆಯದು ಅಕ್ಕ?’ ಎಂದೆ.

‘ನಿಮ್ಮದೇ. ಹೋದ ವರ್ಷ ಕೊಟ್ಟಿರಲ್ಲ, ನಿಮ್ಮ ಅತ್ತೆಯವರ ಕುಂಬಳ.’

ತಲೆಯೆತ್ತಿದೆ. ದುಂಡಗಿನ ಪುಟ್ಟ ಕಾಯಿ, ನುಣುಪಾದ ಹಸಿರು ಮೈ, ಅಲ್ಲಲ್ಲಿ ಬಿಳಿ ಮಚ್ಚೆ. ನಮ್ಮ ಅತ್ತೆಯ ಕುಂಬಳಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅತ್ತೆಯದು ಅಗಲವಾಗಿ ಚಪ್ಪಟೆ, ಆಳವಾದ ಏಣು, ಬಲಿತ ಮೇಲೆ ಬೂದಿ ಬಳಿದಂತಹ ಮೈ. ಅದನ್ನು ಕೊಯ್ಯುವುದಲ್ಲ, ಕತ್ತಿ ಊರಿ ಹಿಂಬದಿಗೆ ಗುದ್ದಿ ಒಡೆಯುವುದು. ಒಳಗಿನ ತಿರುಳು ಎಷ್ಟು ಕೆಂಪೆಂದರೆ ಬೇಯಿಸಿದ ಪಾತ್ರೆ ಎರಡು ದಿನ ಬಣ್ಣ ಬಿಡುವುದಿಲ್ಲ. ಬಿಸಿ ಅಕ್ಕಿ ರೊಟ್ಟಿಯೊಂದಿಗೆ ಆ ಕುಂಬಳದ ಪಲ್ಯ ತಿಂದವರು ಮತ್ತೆ ನಮ್ಮ ಮನೆಗೆ ಬರಲು ನೆಪ ಹುಡುಕುತ್ತಾರೆ. ಇದು ಬಡಾಯಿಯಾದರೆ ಆಗಲಿ.

‘ಪೊಟ್ಟಣ ಬದಲಾಗಿರಬೇಕು’ ಎಂದೆ. ಅಕ್ಕ ಏನೂ ಹೇಳದೆ ಚೀಲದಿಂದ ಪೊಟ್ಟಣವನ್ನೇ ತೆಗೆದು ಕೊಟ್ಟರು. ಹಳೆಯ ಕ್ಯಾಲೆಂಡರ್ ಹಾಳೆ. ನನ್ನದೇ ಅಕ್ಷರ.

ಈ ಅಕ್ಕ ನಮ್ಮ ನೆಂಟರಲ್ಲ, ಕೊಡಗಿನ ಮಕ್ಕಂದೂರಿನ ಕಡೆಯವರು. 2018ರ ಆಗಸ್ಟ್‌ನಲ್ಲಿ ಅವರ ಮನೆಯ ಹಿಂದಿನ ಗುಡ್ಡದ ಬರೆ ಕುಸಿಯಿತು. ಮನೆ ಅರ್ಧ ಉಳಿಯಿತು. ಬೀಜದ ಮಡಕೆಗಳಿದ್ದ ಸೌದೆ ಕೊಟ್ಟಿಗೆ ಮಣ್ಣಿನ ಜೊತೆ ಕೆಳಗೆ ಹೋಯಿತು. ಪರಿಹಾರ ಕೇಂದ್ರದಲ್ಲಿ ಅವರು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಅಕ್ಕಿ ಬಂತು, ಕಂಬಳಿ ಬಂತು, ಒಂದೇ ಅಳತೆಯ ನಲವತ್ತು ನೈಟಿ ಬಂತು. ನನ್ನ ಅವರೆ ಬೀಜ ಯಾರು ತಂದು ಕೊಡುತ್ತಾರೆ?’ ಮುಂದಿನ ಬೇಸಿಗೆಯಲ್ಲಿ ನಾಪೋಕ್ಲು ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ಐದಾರು ಜನ ಕೂತು ಇದ್ದಬದ್ದ ಬೀಜ ಹಂಚಿಕೊಂಡೆವು. ಈಗ ಪ್ರತಿ ಏಪ್ರಿಲ್‌ನಲ್ಲಿ, ಹೂಮಳೆ ಬಿದ್ದು ಕಾಫಿ ಹೂವು ಉದುರಿದ ಮೇಲೆ, ಒಂದು ಭಾನುವಾರ ಇಪ್ಪತ್ತು ಜನರಾದರೂ ಬರುತ್ತಾರೆ. ಅಧ್ಯಕ್ಷರಿಲ್ಲ, ಬ್ಯಾನರ್ ಇಲ್ಲ. ಬೆಲ್ಲದ ಕಾಫಿ ಮಾತ್ರ ಉಂಟು. ಅಂತಹ ಅಕ್ಕನ ಕೈಗೇ ನಾನು ಸುಳ್ಳು ಬೀಜ ಕೊಟ್ಟಿದ್ದೆ.

ಅಷ್ಟರಲ್ಲಿ ನಿವೃತ್ತ ಮೇಷ್ಟರು ಕನ್ನಡಕ ಹಣೆಗೇರಿಸಿ ಮೊಬೈಲ್ ಮುಂದೆ ಹಿಡಿದರು. ಹೇಳಬೇಕೋ ಬೇಡವೋ ಎಂದುಕೊಂಡು ಆರು ತಿಂಗಳು ಸುಮ್ಮನಿದ್ದರಂತೆ. ಅವರ ಬಳ್ಳಿಯಲ್ಲಿ ಬಿಟ್ಟದ್ದು ಸೋರೆಯ ಹಾಗೆ ಉದ್ದ ಕತ್ತಿನ ಕುಂಬಳ. ಮೂರ್ನಾಡಿನಿಂದ ಬಂದಿದ್ದ ಹುಡುಗಿ, ‘ನಮ್ಮದು ನೋಡಲು ನಿಮ್ಮ ಹಾಗೆಯೇ ಚಪ್ಪಟೆ ಆಂಟಿ, ಆದರೆ ಒಳಗೆ ಬರೀ ನೀರು’ ಎಂದಳು. ಮೂರು ಮನೆ, ಮೂರು ಮುಖ. ‘ತಾಯಿ ಒಬ್ಬಳೇ, ಅಪ್ಪ ಯಾರು ಎಂದು ಕೇಳಬೇಕಷ್ಟೆ’ ಎಂದು ಮೇಷ್ಟರು ನಗೆಯಾಡಿದರು. ಇಡೀ ಜಗಲಿ ನಕ್ಕಿತು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿತ್ತು.

ಅಪ್ಪ ಯಾರೆಂಬುದು ನನಗೆ ಆಗಲೇ ಗೊತ್ತಾಗಿತ್ತು. ಎರಡು ವರ್ಷದ ಹಿಂದೆ ಹಂದಿಗಳು ನುಗ್ಗಿ ನಾಲ್ಕು ಬಳ್ಳಿಯಲ್ಲಿ ಮೂರನ್ನು ಉತ್ತು ಹಾಕಿದ್ದವು. ಕಾಯಿ ಸಾಲದೇ ಹೋದೀತು ಎಂದು ಕುಶಾಲನಗರದ ಅಂಗಡಿಯಿಂದ ಹೈಬ್ರಿಡ್ ಕುಂಬಳದ ಒಂದು ಪ್ಯಾಕೆಟ್ ತಂದು ಬಚ್ಚಲ ನೀರು ಹೋಗುವಲ್ಲಿ ಊರಿದ್ದೆ. ಅತ್ತೆಯ ಬಳ್ಳಿಗೂ ಅದಕ್ಕೂ ನಡುವೆ ಮೂವತ್ತು ಹೆಜ್ಜೆ. ಬೀಜಕ್ಕೆ ಬಿಡುವುದಾದರೆ ಎರಡು ತಳಿಗಳ ನಡುವೆ ಕಡಿಮೆಯೆಂದರೂ ಅರ್ಧ ಮೈಲಿ ಇರಬೇಕು. ಅದೇ ವರ್ಷ ನಮ್ಮ ಯಜಮಾನರು ಭಾಗಮಂಡಲದಲ್ಲಿ ಜೇನು ಸಾಕಣೆಯ ತರಬೇತಿ ಮುಗಿಸಿ ಬಂದು ನಾಲ್ಕು ಪೆಟ್ಟಿಗೆ ಇಟ್ಟಿದ್ದರು. ಎಲ್ಲಿ ಎಂದರೆ, ಆ ಮೂವತ್ತು ಹೆಜ್ಜೆಯ ನಡುವೆ.

ಅವರೆ, ಬೀನ್ಸ್, ಅಲಸಂದೆಯವರು ಈ ವಿಷಯದಲ್ಲಿ ಸಂಭಾವಿತರು. ಹೂವು ಅರಳುವ ಹೊತ್ತಿಗೆ ಮದುವೆ ಒಳಗೊಳಗೇ ಮುಗಿದಿರುತ್ತದೆ, ಹತ್ತಿರ ಹತ್ತಿರ ಹಾಕಿದರೂ ತಳಿ ಸಾಮಾನ್ಯವಾಗಿ ಕೆಡುವುದಿಲ್ಲ. ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ನಡುವೆ ಓಡಾಡುವುದು ಜೇನು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಮೋಸ ಹೋದದ್ದು ಹೇಗೆಂದರೆ, ಆ ವರ್ಷ ನಮ್ಮ ಬಳ್ಳಿಯಲ್ಲಿ ಬಿಟ್ಟ ಕಾಯಿ ಅಪ್ಪಟ ಅತ್ತೆಯ ಕುಂಬಳವೇ ಆಗಿತ್ತು. ಅದೇ ಏಣು, ಅದೇ ಬೂದಿ, ಅದೇ ರುಚಿ. ಯಾವ ಗಂಡಿನ ಪರಾಗ ಬಿದ್ದರೂ ಕಾಯಿಯ ಸಿಪ್ಪೆ, ತಿರುಳು ತಾಯಿಯದೇ. ಬೆರಕೆಯಾದದ್ದು ಒಳಗಿನ ಬೀಜ. ಅದು ಗೊತ್ತಾಗುವುದು ಇನ್ನೊಬ್ಬರ ಹಿತ್ತಲಲ್ಲಿ, ಮುಂದಿನ ವರ್ಷ. ಅಪ್ಪ ಸ್ವತಃ ಹೈಬ್ರಿಡ್ ಆದ್ದರಿಂದ ಮಕ್ಕಳು ಒಬ್ಬರಂತೆ ಒಬ್ಬರಿಲ್ಲ.

ಉಳಿದ ಕೆಲಸವನ್ನೆಲ್ಲ ಎಷ್ಟು ಚೆಂದವಾಗಿ ಮಾಡಿದ್ದೆ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕಾಯಿ ಕೊಯ್ದು ಒಂದು ತಿಂಗಳು ಅಟ್ಟದಲ್ಲಿ ಇಟ್ಟು, ಬೀಜ ಒಳಗೇ ಇನ್ನಷ್ಟು ಬಲಿಯಲು ಬಿಟ್ಟಿದ್ದೆ. ನಾರು ಬಿಡಿಸಿ ತೊಳೆದು, ಮೊರದಲ್ಲಿ ಹರಡಿ ನೆರಳಲ್ಲಿ ಒಣಗಿಸಿದ್ದೆ. ಬಗ್ಗಿಸಿದರೆ ಬಾಗದೆ ‘ಟಿಕ್’ ಎಂದು ಮುರಿಯುವವರೆಗೆ ಡಬ್ಬಿಗೆ ಹಾಕಿರಲಿಲ್ಲ. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಬೀಜ ಯಾವ ಲೆಕ್ಕ? ಡಬ್ಬಿಯ ತಳಕ್ಕೆ ಒಲೆಯ ಬೂದಿ, ಮೇಲೆ ಒಂದು ತುಂಡು ಇದ್ದಿಲು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವ ಜಾಗ. ಎಲ್ಲವೂ ಅತ್ತೆ ಹೇಳಿಕೊಟ್ಟ ಹಾಗೆ. ಅವರ ಕಾಲದಲ್ಲಿ ಊರಿಗೆಲ್ಲ ಒಂದೇ ಕುಂಬಳ. ಜೇನಿನ ಮೇಲೆ ಕಣ್ಣಿಡಬೇಕೆಂದು ಅವರು ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಅಕ್ಕನ ಕುಂಬಳವನ್ನು ಅಲ್ಲೇ ಕೊಯ್ದೆವು. ಕತ್ತಿ ಗುದ್ದುವುದೇನೂ ಬೇಕಾಗಲಿಲ್ಲ, ಸೌತೆಕಾಯಿಯ ಹಾಗೆ ಸರಕ್ಕನೆ ಇಳಿಯಿತು. ಒಳಗೆ ಸಪ್ಪೆ ಹಳದಿ. ಸಾಸಿವೆ, ಬೆಲ್ಲ, ತೆಂಗಿನಕಾಯಿ ಹಾಕಿ ಪಲ್ಯ ಮಾಡಿದೆ. ಮಧ್ಯಾಹ್ನ ಎಲ್ಲರೂ ರೊಟ್ಟಿಯೊಂದಿಗೆ ತಿಂದರು, ಚೆನ್ನಾಗಿದೆ ಎಂದೂ ಹೇಳಿದರು. ತಟ್ಟೆಯ ಅಂಚಿನಲ್ಲಿ ನೀರು ನಿಂತಿತ್ತು. ಅಕ್ಕ ಮಾತ್ರ, ‘ಬೆಲ್ಲ ಚೆನ್ನಾಗಿದೆ’ ಎಂದರು.

ಊಟದ ನಂತರ ಎದ್ದು ನಿಂತು ತಪ್ಪೊಪ್ಪಿಕೊಂಡೆ. ಕಳೆದ ವರ್ಷ ಕುಂಬಳ ಒಯ್ದಿದ್ದು ಏಳು ಜನ. ಆ ಬೀಜವನ್ನು ಮುಂದೆ ಯಾರಿಗೂ ಕೊಡಬೇಡಿ, ತಿಂದು ಮುಗಿಸಿ ಎಂದೆ. ಇಬ್ಬರು ಈಗಾಗಲೇ ತವರಿಗೂ ಪಕ್ಕದ ಮನೆಗೂ ಕೊಟ್ಟಾಗಿತ್ತು. ಅವರು ಅಲ್ಲೇ ಫೋನ್ ಹಚ್ಚಿದರು. ಹೊಸದಾಗಿ ಬಂದಿದ್ದ ತರುಣನೊಬ್ಬ ಇದನ್ನೆಲ್ಲ ಗಾಬರಿಯಿಂದ ನೋಡುತ್ತಿದ್ದವನು, ‘ಹೀಗೆ ಬೀಜ ಹಂಚಿದರೆ ಕೇಸು ಹಾಕುತ್ತಾರಂತೆ, ಹೌದೇ?’ ಎಂದು ಕೇಳಿದ. ಮೇಷ್ಟರಿಗೆ ಇಂತಹ ಪ್ರಶ್ನೆಯೆಂದರೆ ಪ್ರಾಣ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರದು, ಅದರ 39ನೆಯ ಸೆಕ್ಷನ್ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಮತ್ತೆ ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜಕ್ಕೆ ಬ್ರಾಂಡ್ ಹಚ್ಚಿ ಮಾರುವಂತಿಲ್ಲ, ಅಷ್ಟೇ ಎಂದು ಪಾಠ ಮಾಡಿದರು. ಕೊನೆಗೆ ನನ್ನ ಕಡೆ ತಿರುಗಿ, ‘ಕೆಟ್ಟ ಬೀಜ ಹಂಚಿದ್ದಕ್ಕೆ ಯಾವ ಸೆಕ್ಷನ್ ಎಂದು ನೋಡಿ ಹೇಳುತ್ತೇನೆ’ ಎಂದರು.

ಎಲ್ಲರೂ ಹೊರಟ ಮೇಲೆ ಅಟ್ಟ ಹತ್ತಿದೆ. ಹಳೆಯ ಬೀಜವೇನಾದರೂ ಇದ್ದೀತು ಎಂಬ ಆಸೆ. ಅತ್ತೆ ಸಗಣಿ ಬೆರಣಿಯಲ್ಲಿ ಕುಂಬಳ ಬೀಜ ಒತ್ತಿ ಗೋಡೆಗೆ ಹಚ್ಚುತ್ತಿದ್ದರು. ಸೌದೆ ಮನೆಯ ಗೋಡೆಯಲ್ಲಿ ಒಂದು ಸಿಕ್ಕಿತು. ಒಡೆದರೆ ಹನ್ನೊಂದು ಬೀಜ, ಹನ್ನೊಂದೂ ಪೊಳ್ಳು. ಅತ್ತೆ ಹೋಗಿ ಒಂಬತ್ತು ವರ್ಷವಾಯಿತು, ಬೀಜವನ್ನು ದೂರಿ ಫಲವಿಲ್ಲ.

ಉಳಿದದ್ದು ಒಂದೇ ದಾರಿ, ನಾದಿನಿ. ಶನಿವಾರಸಂತೆ ಕಡೆಗೆ ಮದುವೆಯಾಗಿ ಹೋದಾಗ ಅವಳು ಒಡವೆಯ ಪೆಟ್ಟಿಗೆಯಲ್ಲಿ ಅಮ್ಮನ ಕುಂಬಳ ಬೀಜವನ್ನೂ ಒಯ್ದಿದ್ದಳು. ಅವಳಿಗೆ ಫೋನ್ ಮಾಡುವುದಕ್ಕಿಂತ ಕುಂಬಳವಿಲ್ಲದೆ ಬದುಕುವುದು ಸುಲಭ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಮಾಡಿದೆ. ಹೇಳುವುದನ್ನೆಲ್ಲ ಹೇಳಿದೆ. ಆ ಕಡೆ ತುಂಬ ಹೊತ್ತು ಮೌನ.

‘ಅಂಗಡಿ ಕುಂಬಳ ಹಾಕಿದಿರಾ ಅತ್ತಿಗೆ? ಅಮ್ಮನ ಹಿತ್ತಲಲ್ಲಿ?’

‘ಹಂದಿ ಬಂದಿತ್ತು...’

‘ಹಂದಿ ನಮ್ಮಲ್ಲಿಗೂ ಬರುತ್ತದೆ.’

ಅವಳ ಮನೆಯ ಸುತ್ತ ಶುಂಠಿ ಗದ್ದೆ, ಕಣ್ಣಳತೆಯಲ್ಲಿ ಬೇರೆ ಕುಂಬಳವಿಲ್ಲ. ಬೀಜ ಕೊಡುತ್ತೇನೆ, ಆದರೆ ಸುಮ್ಮನೆ ಅಲ್ಲ ಎಂದಳು. ಬದಲಿಗೆ ಅವಳಿಗೆ ಬೇಕಾದದ್ದು ಬಾವಿಕಟ್ಟೆಯ ಪಕ್ಕದ ಸೂಜಿಮೆಣಸು, ಇಲ್ಲಿಯ ಕೊಡವ ಮನೆಗಳಲ್ಲಿ ಪರಂಗಿ ಮಾಲು ಎನ್ನುವುದು. ‘ಕಳಿಸುತ್ತೇನೆ’ ಎಂದೆ. ‘ಕಳಿಸಿ. ಅದಕ್ಕೆ ಅಪ್ಪ ಯಾರು ಎಂದೂ ಒಂದು ಚೀಟಿ ಬರೆದಿಡಿ’ ಎಂದಳು. ಮೇಷ್ಟರ ನಗೆಚಾಟಿಕೆ ಅವಳಿಗೆ ನಾನೇ ಹೇಳಿದ್ದೆ. ನನ್ನ ಬಾಯಿ ನನಗೆ ಶತ್ರು.

ಅವಳ ಬೀಜ ಬಂದದ್ದು ಹದಿನಾಲ್ಕು. ಆರು ಅಕ್ಕನಿಗೆ ಕಳಿಸಿದೆ, ಐದು ಊರಿದೆ, ಮೂರನ್ನು ಡಬ್ಬಿಯಲ್ಲಿ ಬೂದಿಯೊಳಗೆ ಇಟ್ಟೆ. ಜೂನ್ ಕೊನೆಯಲ್ಲಿ ಮೊದಲ ಹೆಣ್ಣು ಹೂವು ಬಂತು. ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಇರುವುದರಿಂದ ಹೆಣ್ಣನ್ನು ಗುರುತಿಸುವುದು ಕಷ್ಟವಲ್ಲ. ಮರುದಿನ ಅರಳಲಿರುವ ಮೊಗ್ಗಿನ ತುದಿ ಹಿಂದಿನ ಸಂಜೆಯೇ ಹಳದಿಗೆ ತಿರುಗುತ್ತದೆ. ಆಗಲೇ ಒಂದು ಹೆಣ್ಣು, ಎರಡು ಗಂಡು ಮೊಗ್ಗುಗಳ ತುದಿಯನ್ನು ಬಾಳೆನಾರಿನಿಂದ ಕಟ್ಟಿದೆ, ರಾತ್ರಿ ಕಳೆದು ತಾವಾಗಿ ಬಿರಿಯದ ಹಾಗೆ.

ಬೆಳಿಗ್ಗೆ ಆರೂವರೆಗೆ ಮಳೆ ಸುರಿಯುತ್ತಲೇ ಇತ್ತು. ಪರಾಗ ಒದ್ದೆಯಾದರೆ ಕೆಲಸ ಕೆಟ್ಟಿತು. ಹತ್ತು ಗಂಟೆಯ ಹೊತ್ತಿಗೆ ಹೂವೇ ಬಾಡುತ್ತದೆ, ಕಾಯುವಂತಿಲ್ಲ. ಯಜಮಾನರು ಕೊಡೆ ಹಿಡಿದರು. ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ನನಗಾಗಿ ಇಷ್ಟು ಶ್ರದ್ಧೆಯಿಂದ ಕೊಡೆ ಹಿಡಿದದ್ದು ನೆನಪಿಲ್ಲ. ಗಂಡು ಹೂವನ್ನು ಕಿತ್ತು, ದಳಗಳನ್ನು ಹರಿದು, ನಡುವಿನ ಕಡ್ಡಿಯನ್ನು ಬೆರಳಿಗೆ ತಾಗಿಸಿ ನೋಡಿದೆ. ಹಳದಿ ಪುಡಿ ಅಂಟಿತು, ಒಣಗಿಯೇ ಇತ್ತು. ಹೆಣ್ಣು ಹೂವಿನ ನಾರು ಬಿಚ್ಚಿದಾಗ ದಳಗಳು ಒಂದೊಂದಾಗಿ ಬಿಚ್ಚಿಕೊಂಡವು. ಒಳಗೆ ಪುಡಿ ಸವರಿ, ದಳಗಳನ್ನು ಮತ್ತೆ ಒಟ್ಟುಗೂಡಿಸಿ ಕಟ್ಟಿ, ತೊಟ್ಟಿಗೆ ಕೆಂಪು ದಾರ ಸುತ್ತಿದೆ. ಐದು ನಿಮಿಷದ ಕೆಲಸ. ಬೆನ್ನು ಪೂರ್ತಿ ತೊಯ್ದಿತ್ತು, ಕೊಡೆಯೇನಿದ್ದರೂ ಹೂವಿಗೆ.

ಮಳೆ ಸ್ವಲ್ಪ ಬಿಟ್ಟಾಗ ಪೆಟ್ಟಿಗೆಯ ಕಡೆಯಿಂದ ಜೇನೊಂದು ಬಂತು. ಕಟ್ಟಿದ ಹೂವಿನ ಸುತ್ತ ಎರಡು ಸುತ್ತು ಬಂದು, ನಾರಿನ ಗಂಟಿನ ಮೇಲೆ ಕೂತು, ಒಳಗೆ ಹೋಗಲು ಸಂದು ಹುಡುಕಿತು. ಇವರು ಕೊಡೆ ಮಡಚುತ್ತ, ‘ಪಾಪ’ ಎಂದರು.