‘ಸಂಶೋಧನೆ ಇಲ್ಲ ಮೇಡಂ’ ಅಂದೆ, ಇತ್ತು

ಮಿಡ್‌ವೈಫರಿ, ಅಂದರೆ ಹೆರಿಗೆ ಮಾಡಿಸುವ ವಿದ್ಯೆ ಓದುವವರಿಗೆ, ಕಲಿಸುವವರಿಗೆ, ಹೆರಿಗೆ ವಾರ್ಡಿನಲ್ಲಿ ದುಡಿಯುವವರಿಗೆ ಪ್ರಕಟವಾದ ಸಂಶೋಧನೆ ಹುಡುಕಿ ಕೊಡುವುದು ನನ್ನ ಕೆಲಸ. ಹೀಗಂದ ತಕ್ಷಣ ಬರುವ ಪ್ರಶ್ನೆ ಒಂದೇ, ‘ಗೂಗಲ್ ಮಾಡಿದ್ರೆ ಆಗಲ್ವಾ?’. ಆಗುತ್ತದೆ, ಏನಾದರೊಂದು ಸಿಕ್ಕೇ ಸಿಗುತ್ತದೆ. ತೊಂದರೆ ಇರುವುದೇ ಅಲ್ಲಿ. ಅಡುಗೆ ಕೆಟ್ಟರೆ ಬಾಯಿಗೆ ಗೊತ್ತಾಗುತ್ತದೆ, ಹುಡುಕಾಟ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಪರದೆ ತುಂಬ ಪ್ರಬಂಧಗಳು ಬಂದು ಕೂತಿರುತ್ತವೆ, ಬಾರದೇ ಉಳಿದವು ಎಷ್ಟು ಅಂತ ಯಾರು ಹೇಳಬೇಕು? ಇದು ನನ್ನ ತಲೆಗೆ ಹೋಗಿದ್ದು ಎರಡು ಸಲ ಚೆನ್ನಾಗಿ ಮುಖಭಂಗ ಆದ ಮೇಲೆ.

ಮೊದಲನೆಯದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಹೆರಿಗೆ ಆದ ಮೇಲೆ ಹೋಗುವ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುತ್ತಾರಲ್ಲ, ಆ ಅಂದಾಜು ಎಷ್ಟು ಸರಿ ಇರುತ್ತದೆ, ಮಿಡ್‌ವೈಫ್‌ಗಳ ಮೇಲೆ ಏನಾದರೂ ಅಧ್ಯಯನ ಆಗಿದೆಯಾ ನೋಡಿ ಅಂತ ಒಬ್ಬ ಟ್ಯೂಟರ್ ಮೇಡಂ ಕೇಳಿದರು. ನಾನು ವೈದ್ಯಕೀಯ ಪ್ರಬಂಧಗಳ ಡೇಟಾಬೇಸ್ ಆದ ಪಬ್‌ಮೆಡ್ ತೆಗೆದೆ. ಹೊಸದಾಗಿ ಕಲಿತ ವಿದ್ಯೆಗಳನ್ನೆಲ್ಲ ಒಂದೇ ಸಲ ಪ್ರಯೋಗ ಮಾಡಿದೆ. ‘ಮಿಡ್‌ವೈಫ್’ ಪದದ ಕೊನೆಗೆ ನಕ್ಷತ್ರ ಚಿಹ್ನೆ (ಆ ಅಕ್ಷರಗಳಿಂದ ಶುರುವಾಗುವ ಪದಗಳೆಲ್ಲ ಬರಲಿ ಅಂತ), ‘ಪೋಸ್ಟ್‌ಪಾರ್ಟಮ್ ಹೆಮರೇಜ್’ಗೆ (ಹೆರಿಗೆ ನಂತರದ ರಕ್ತಸ್ರಾವಕ್ಕೆ) ಉದ್ಧರಣ ಚಿಹ್ನೆ, ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಮಾತ್ರ ಹುಡುಕು ಅಂತ ಒಂದು ಷರತ್ತು, ಐದು ವರ್ಷದ ಒಳಗಿನವು, ಪೂರ್ತಿ ಪ್ರಬಂಧ ಉಚಿತವಾಗಿ ಸಿಗುವಂಥವು, ಮನುಷ್ಯರ ಮೇಲೆ ಆದವು. ಎಷ್ಟು ಅಚ್ಚುಕಟ್ಟು ಅಂತ ನನಗೇ ಹೆಮ್ಮೆ. ಬಂದದ್ದು ಮೂರು. ಮೂರೂ ಕೆಲಸಕ್ಕೆ ಬಾರದವು. ‘ಇದರ ಮೇಲೆ ಸಂಶೋಧನೆ ಇಲ್ಲ ಮೇಡಂ’ ಅಂದುಬಿಟ್ಟೆ.

ಮಾರನೇ ದಿನ ಅವರು ಒಂದು ಪ್ರಿಂಟ್‌ಔಟ್ ತಂದು ನನ್ನ ಮೇಜಿನ ಮೇಲೆ ಇಟ್ಟರು. ಏನೂ ಬೈಯಲಿಲ್ಲ. ‘ಇದು ಯಾಕೆ ಬರಲಿಲ್ಲ ನೋಡಿ’ ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಕೂತು ನೋಡಿದೆ. ಇಂಗ್ಲಿಷಿನಲ್ಲಿ ಮಿಡ್‌ವೈಫ್ ಏಕವಚನದಲ್ಲಿ ‘ಎಫ್‌ಇ’ಗೆ ಮುಗಿಯುತ್ತದೆ, ಬಹುವಚನದಲ್ಲಿ ಆ ‘ಎಫ್’ ಹೋಗಿ ‘ವಿ’ ಬರುತ್ತದೆ. ನಾನು ಪೂರ್ತಿ ಪದ ಬರೆದು ಆಮೇಲೆ ನಕ್ಷತ್ರ ಹಾಕಿದ್ದೆ. ಹಾಗೆ ಮಾಡಿದರೆ ಮಿಡ್‌ವೈಫ್ ಸಿಗುತ್ತದೆ, ಮಿಡ್‌ವೈಫರಿ ಸಿಗುತ್ತದೆ, ಮಿಡ್‌ವೈವ್ಸ್ ಸಿಗುವುದಿಲ್ಲ! ಒಬ್ಬರೇ ಮಿಡ್‌ವೈಫ್ ಮೇಲೆ ಯಾರು ಅಧ್ಯಯನ ಮಾಡುತ್ತಾರೆ, ಶೀರ್ಷಿಕೆಗಳಲ್ಲಿ ಬಹುವಚನವೇ ಜಾಸ್ತಿ. ಎಂ, ಐ, ಡಿ, ಡಬ್ಲ್ಯೂ, ಐ, ಈ ಐದು ಅಕ್ಷರಕ್ಕೆ ನಿಲ್ಲಿಸಿ ನಕ್ಷತ್ರ ಹಾಕಿದ್ದರೆ ಮೂರೂ ಬರುತ್ತಿದ್ದವು. ಎರಡನೇ ತಪ್ಪು ಹೆಮರೇಜ್. ಅಮೆರಿಕದವರು ಬರೆಯುವ ಆ ಪದದಲ್ಲಿ ಬ್ರಿಟಿಷರು ನಡುವೆ ಒಂದು ‘ಎ’ ಜಾಸ್ತಿ ಸೇರಿಸುತ್ತಾರೆ. ಮೇಡಂ ತಂದ ಪ್ರಬಂಧ ಬ್ರಿಟಿಷ್ ಕಾಗುಣಿತದ್ದು. ಸುಮ್ನೆ ಪದ ಟೈಪ್ ಮಾಡಿದ್ದರೆ ಪಬ್‌ಮೆಡ್ ತಾನೇ ಎರಡೂ ಕಾಗುಣಿತ, ಸಮಾನ ಪದ ಎಲ್ಲ ಹುಡುಕುತ್ತದೆ. ಉದ್ಧರಣ ಚಿಹ್ನೆ ಅಥವಾ ನಕ್ಷತ್ರ ಹಾಕಿದ ಕೂಡಲೇ ಆ ಸಹಾಯ ನಿಲ್ಲುತ್ತದೆ. ನಾನು ಜಾಣತನ ತೋರಿಸಿದಷ್ಟೂ ಅದು ಕೈ ಬಿಡುತ್ತಾ ಹೋಗಿತ್ತು.

ಆ ವಿಷಯದ ಮೇಲೆ ಸಂಶೋಧನೆ ಇಲ್ಲ ಅಂದಿದ್ದೆನಲ್ಲ, 2023ರಲ್ಲಿ ಇ-ಮೋಟಿವ್ ಅಂತ ದೊಡ್ಡ ಟ್ರಯಲ್ (ಎರಡು ಪದ್ಧತಿಗಳನ್ನು ಹೋಲಿಸಿ ನೋಡುವ ಪ್ರಯೋಗ) ಪ್ರಕಟವಾದಾಗ ನನಗೆ ಮತ್ತೆ ಆ ದಿನ ನೆನಪಾಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆ, ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆ. ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಡ್ರೇಪ್ (ಕೆಳಗೆ ಹಾಸುವ ಹಾಳೆ) ಇಟ್ಟು ರಕ್ತ ಅಳೆದ ಕಡೆ 93.1% ರಕ್ತಸ್ರಾವದ ಪ್ರಕರಣಗಳು ಪತ್ತೆಯಾದವು, ಮಾಮೂಲಿ ಪದ್ಧತಿ ಇದ್ದ ಕಡೆ 51.1%. ಅಂದರೆ ಹತ್ತಿರಹತ್ತಿರ ಅರ್ಧ ಕಣ್ಣೆದುರೇ ತಪ್ಪಿಸಿಕೊಳ್ಳುತ್ತಿದ್ದವು. ನನ್ನ ಹುಡುಕಾಟಕ್ಕೂ ಇಂಥದ್ದೊಂದು ಡ್ರೇಪ್ ಬೇಕಿತ್ತು ಅನ್ನಿಸಿತು.

ಹೆರಿಗೆಯ ಇಂಗ್ಲಿಷ್ ಪದಗಳೇ ಒಂದು ಕಾಟ. ‘ಲೇಬರ್’ ಅಂದರೆ ಹೆರಿಗೆ ನೋವೂ ಹೌದು, ಕೂಲಿ ಕೆಲಸವೂ ಹೌದು. ಒಮ್ಮೆ ಲೇಬರ್ ಜೊತೆ ಬೆನ್ನುನೋವು ಹುಡುಕಿ, ಮೂಟೆ ಹೊರುವವರ ಬೆನ್ನಿನ ಬಗ್ಗೆ ಸಾಕಷ್ಟು ಓದಿಕೊಂಡೆ. ‘ಡೆಲಿವರಿ’ ಅಂದರೆ ಔಷಧಿಯನ್ನು ಜೀವಕೋಶಕ್ಕೆ ಮುಟ್ಟಿಸುವುದಕ್ಕೂ ಅದೇ ಪದ, ಆರೋಗ್ಯ ಸೇವೆ ಒದಗಿಸುವುದಕ್ಕೂ ಅದೇ. ಇನ್ನು ಮಿಡ್‌ವೈಫ್ ಅನ್ನುವ ಪದ ಇರಲೇಬೇಕು ಅಂತಲೂ ಇಲ್ಲ. ಕೆಲವರು ‘ಸ್ಕಿಲ್ಡ್ ಬರ್ತ್ ಅಟೆಂಡೆಂಟ್’ ಅಂತ ಬರೆಯುತ್ತಾರೆ, ಕೆಲವರು ‘ಮೆಟರ್ನಿಟಿ ಕೇರ್ ಪ್ರೊವೈಡರ್’ ಅನ್ನುತ್ತಾರೆ, ಎಷ್ಟೋ ಪ್ರಬಂಧಗಳಲ್ಲಿ ಮಿಡ್‌ವೈಫ್‌ಗಳನ್ನು ನರ್ಸ್‌ಗಳ ಲೆಕ್ಕದಲ್ಲೇ ಸೇರಿಸಿರುತ್ತಾರೆ.

ಈ ಗೊಂದಲಕ್ಕೇ ಅಂತ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಿಂದ ‘ಮೆಶ್’ ಅನ್ನುವ ಪದಪಟ್ಟಿ ಇಟ್ಟುಕೊಂಡಿದೆ. ಲೇಖಕರು ಏನೇ ಬರೆದಿರಲಿ, ಆ ಪ್ರಬಂಧಕ್ಕೆ ಪಟ್ಟಿಯ ತಲೆಬರಹಗಳು ಅಂಟುತ್ತವೆ. ಒಳ್ಳೆಯ ವ್ಯವಸ್ಥೆ, ಆದರೆ ಅದೊಂದನ್ನೇ ನಂಬಿದರೆ ಇನ್ನೂ ತಲೆಬರಹ ಅಂಟದ ಹೊಸ ಪ್ರಬಂಧಗಳು ಹೋಗುತ್ತವೆ. ಹಾಗಾಗಿ ಎರಡನ್ನೂ ಕೊಡಬೇಕು, ಮೆಶ್ ಪದ ಮತ್ತು ಜನ ಬರೆಯುವ ಪದಗಳು, ನಡುವೆ ‘ಆರ್’, ಅಂದರೆ ಇದು ಅಥವಾ ಅದು. ‘ಮನುಷ್ಯರು ಮಾತ್ರ’ ಅನ್ನುವ ಫಿಲ್ಟರಿನ ಕಥೆಯೂ ಇದೇ. ಅದು ತಲೆಬರಹ ನೋಡಿಯೇ ಸೋಸುತ್ತದೆ. ಹೆರಿಗೆ ವಾರ್ಡಿನ ಪ್ರಬಂಧದಲ್ಲಿ ಮನುಷ್ಯರೇ ಇಲ್ಲ ಅಂತ ಹೊರಗೆ ಹಾಕುತ್ತದೆ, ಕಾರಣ ಅದಕ್ಕೆ ಇನ್ನೂ ಚೀಟಿ ಅಂಟಿಲ್ಲ. ‘ನಾಟ್’ ಅಂತೂ ಕತ್ತಿ. ಸಿಸೇರಿಯನ್ ಬೇಡ ಅಂತ ನಾಟ್ ಹಾಕಿದರೆ, ಸಹಜ ಹೆರಿಗೆಯನ್ನೂ ಸಿಸೇರಿಯನ್ನನ್ನೂ ಹೋಲಿಸಿದ ಪ್ರಬಂಧಗಳೆಲ್ಲ ಹೋದವು, ನಿಮಗೆ ಬೇಕಾಗಿದ್ದು ಅವೇ ಆಗಿದ್ದರೂ.

ಎರಡನೇ ಮುಖಭಂಗ ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಈ ಸಲ ಪ್ರಬಂಧ ಸಿಕ್ಕಿತ್ತು. ಗರ್ಭಿಣಿಯಾದಾಗಿಂದ ಬಾಣಂತನದವರೆಗೆ ಅದೇ ಮಿಡ್‌ವೈಫ್ ಅಥವಾ ಅದೇ ಪುಟ್ಟ ತಂಡ ನೋಡಿಕೊಳ್ಳುವ ಪದ್ಧತಿ ಇದೆಯಲ್ಲ, ಅದರ ಬಗ್ಗೆ ಒಂದು ಟಿಪ್ಪಣಿ ಬೇಕಿತ್ತು. ಕಾಕ್ರೇನ್ ರಿವ್ಯೂ, ಅಂದರೆ ಒಂದು ವಿಷಯದ ಟ್ರಯಲ್‌ಗಳನ್ನೆಲ್ಲ ಸೇರಿಸಿ ತೂಗಿ ನೋಡುವ ವರದಿ ಸಿಕ್ಕಿತು, 2016ರದ್ದು, 15 ಟ್ರಯಲ್, 17,674 ಮಹಿಳೆಯರು. ದಿನ ತುಂಬುವ ಮುಂಚೆ ಆಗುವ ಹೆರಿಗೆ 24% ಕಡಿಮೆ ಅಂತ ಅದರಲ್ಲಿತ್ತು. ಕಾಕ್ರೇನ್ ಅಂದಮೇಲೆ ಇನ್ನೇನು ನೋಡುವುದು ಅಂತ ಟಿಪ್ಪಣಿಯ ಮೊದಲ ಸಾಲಿನಲ್ಲೇ ಹಾಕಿದೆ. ಸಭೆಯಲ್ಲಿ ಒಬ್ಬ ಹಿರಿಯ ಸಿಸ್ಟರ್ ಕೇಳಿದರು, ‘ಇದರ ಹೊಸದು ಬಂದಿದೆ ಅಲ್ವಾ?’. ಬಂದಿತ್ತು, 2024ರಲ್ಲಿ. 17 ಅಧ್ಯಯನ, 18,533 ಮಹಿಳೆಯರು. ಸಹಜ ಹೆರಿಗೆ 66% ಇದ್ದದ್ದು 70% ಆಗುತ್ತದೆ, ಸಿಸೇರಿಯನ್ ಸ್ವಲ್ಪ ಕಡಿಮೆಯಾಗುತ್ತದೆ ಅಂತ ಅದು ಹೇಳುತ್ತದೆ. ನಾನು ದಪ್ಪ ಅಕ್ಷರದಲ್ಲಿ ಹಾಕಿದ್ದ ಆ ಅವಧಿಗೆ ಮುಂಚಿನ ಹೆರಿಗೆಯ ವಿಷಯದಲ್ಲಿ? ವ್ಯತ್ಯಾಸ ಇಲ್ಲದೇ ಇರಬಹುದು, ಇದ್ದರೂ ಅತ್ಯಲ್ಪ ಅಂತ. ಪದ್ಧತಿ ಒಳ್ಳೆಯದೇ, ನಾನು ಕೊಟ್ಟ ಕಾರಣ ಮಾತ್ರ ಹಳಸಿತ್ತು.

ಅವತ್ತಿನಿಂದ ಯಾವುದೇ ಪ್ರಬಂಧ ಸಿಕ್ಕರೂ ಮೊದಲು ನೋಡುವುದು ಅದನ್ನಲ್ಲ, ಅದಾದ ಮೇಲೆ ಏನು ಬಂತು ಅನ್ನುವುದನ್ನು. ಹೊಸ ಆವೃತ್ತಿ ಇದೆಯಾ, ಯಾರು ಇದನ್ನು ಉಲ್ಲೇಖಿಸಿದ್ದಾರೆ, ಹಿಂತೆಗೆದುಕೊಂಡಿದ್ದಾರಾ. ಮಗು ಕುಂಡಿ ಕೆಳಗಾಗಿ ಇದ್ದಾಗ ಸಿಸೇರಿಯನ್ನೇ ಮೇಲು ಅಂತ ಹೇಳಿದ ಟರ್ಮ್ ಬ್ರೀಚ್ ಟ್ರಯಲ್ 2000ದಲ್ಲಿ ಬಂತು, 26 ದೇಶ, 2,088 ಮಹಿಳೆಯರು, ಪದ್ಧತಿಯೇ ಬೇಗ ಬೇಗ ಬದಲಾಯಿತು. ಅದೇ ಮಕ್ಕಳಲ್ಲಿ ಒಂದಷ್ಟನ್ನು ಎರಡು ವರ್ಷ ತುಂಬಿದಾಗ ಮತ್ತೆ ನೋಡಿದ ವರದಿ 2004ರಲ್ಲಿ ಬಂತು, ಸಾವು ಮತ್ತು ಬೆಳವಣಿಗೆಯ ಕುಂಠಿತ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಮೊದಲನೆಯದನ್ನು ಓದಿ ನಿಲ್ಲಿಸಿದವರಿಗೆ ಎರಡನೆಯದು ಗೊತ್ತೇ ಇರುವುದಿಲ್ಲ.

ನಾವೀಗ ಕೂತಲ್ಲೇ ಬಟನ್ ಒತ್ತಿ ಗೊಣಗುತ್ತೇವೆ. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1979ರಲ್ಲಿ ಪ್ರಸೂತಿ ವಿಭಾಗಕ್ಕೆ ‘ಮರದ ಚಮಚ’ ಕೊಟ್ಟಿದ್ದರು, ಅಂದರೆ ಪುರಾವೆ ಬಳಸುವುದರಲ್ಲಿ ಎಲ್ಲರಿಗಿಂತ ಹಿಂದೆ ಅಂತ. ಆ ಕಾಲದಲ್ಲೇ ಆಕ್ಸ್‌ಫರ್ಡಿನಲ್ಲಿ ಇಯಾನ್ ಚಾಮರ್ಸ್ ಮತ್ತು ಜೊತೆಯವರು ಹೆರಿಗೆಯ ಟ್ರಯಲ್‌ಗಳನ್ನೆಲ್ಲ ಒಂದು ಕಡೆ ಸೇರಿಸುವ ಕೆಲಸದಲ್ಲಿದ್ದರು. ಪತ್ರಿಕೆಗಳನ್ನು ಪುಟ ತಿರುವಿ ಹುಡುಕಿದರು. ಪ್ರಕಟವಾಗದೇ ಉಳಿದ ಟ್ರಯಲ್‌ಗಳ ಬಗ್ಗೆ ತಿಳಿಸಿ ಅಂತ 18 ದೇಶಗಳ 40 ಸಾವಿರಕ್ಕೂ ಜಾಸ್ತಿ ವೈದ್ಯರಿಗೆ ಪತ್ರ ಬರೆದರು! ಅಷ್ಟು ಪತ್ರ ಬರೆದರೂ, ಮುಗಿದು ಎರಡು ವರ್ಷಕ್ಕಿಂತ ಹಿಂದಿನವು ಅಂತ ಗೊತ್ತಾದದ್ದು ಬರೀ 18. ಹಳೆಯದನ್ನು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿಲ್ಲ. 1993ರಲ್ಲಿ ಕಾಕ್ರೇನ್ ಸಂಸ್ಥೆ ಹುಟ್ಟಿದ್ದು ಇದೇ ಕೆಲಸದಿಂದ.

ನನ್ನ ಡ್ರೇಪ್ ಯಾವುದು ಅಂತ ಹೇಳುತ್ತೇನೆ. ಹುಡುಕಾಟ ಶುರು ಮಾಡುವ ಮುಂಚೆ, ಕೇಳಲು ಬಂದವರ ಹತ್ತಿರ ಖಂಡಿತ ಬರಲೇಬೇಕಾದ ಐದಾರು ಪ್ರಬಂಧಗಳ ಹೆಸರು ಇಸಿದುಕೊಳ್ಳುತ್ತೇನೆ. ಪಬ್‌ಮೆಡ್‌ನಲ್ಲಿ ಪ್ರತಿ ಪ್ರಬಂಧಕ್ಕೂ ಒಂದು ನಂಬರ್ ಇರುತ್ತದೆ. ಆ ನಂಬರುಗಳನ್ನೆಲ್ಲ ಒಂದು ಸಾಲಿನಲ್ಲಿ ಹಾಕಿ, ಆಮೇಲೆ ‘ನಾಟ್’ ಬರೆದು, ಅದರ ಮುಂದೆ ನನ್ನ ಇಡೀ ಸರ್ಚನ್ನು ಇಡುತ್ತೇನೆ. ಕತ್ತಿಗೆ ಇದೊಂದೇ ಒಳ್ಳೆಯ ಉಪಯೋಗ. ಸೊನ್ನೆ ಬಂದರೆ ಸರಿ. ಏನಾದರೂ ಉಳಿದರೆ ಅದು ನನ್ನ ಸರ್ಚ್ ಬಿಟ್ಟುಬಿಟ್ಟದ್ದು. ತೆಗೆದು ಶೀರ್ಷಿಕೆ ಓದುತ್ತೇನೆ, ಯಾವ ಪದ ನನ್ನ ಹತ್ತಿರ ಇರಲಿಲ್ಲ ಅಂತ ನೋಡಿ ಸೇರಿಸುತ್ತೇನೆ. ಎರಡು ನಿಮಿಷದ ಕೆಲಸ. ಐದು ವರ್ಷ ಇದನ್ನು ಮಾಡದೇ ಹೇಗೆ ಸಂಬಳ ತಗೊಂಡೆ ಅಂತ ಈಗ ಅನ್ನಿಸುತ್ತದೆ.

ಬರೆದಿಡುವುದನ್ನೂ ಆಮೇಲೆ ಕಲಿತೆ. ಯಾವ ಡೇಟಾಬೇಸ್, ಯಾವ ದಿನ, ಪೂರ್ತಿ ಸರ್ಚ್ ಸಾಲು ಆವರಣ ಚಿಹ್ನೆ ಸಮೇತ, ಎಷ್ಟು ಬಂದವು. ಆವರಣ ಯಾಕೆ ಅಂದರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಲೆಕ್ಕ ಮಾಡುತ್ತಾ ಹೋಗುತ್ತದೆ, ಒಂದು ಆವರಣ ಬಿಟ್ಟುಹೋದರೆ ಅರ್ಥವೇ ಬೇರೆ. ಹುಡುಕಾಟ ಹೇಗೆ ವರದಿ ಮಾಡಬೇಕು ಅಂತ 2021ರಲ್ಲಿ ಬಂದ ಪ್ರಿಸ್ಮಾ-ಎಸ್‌ನಲ್ಲಿ 16 ಅಂಶಗಳಿವೆ, ಥೀಸಿಸ್ ಬರೆಯುವವರು ಕೊನೇ ವಾರ ಅದನ್ನು ತೆಗೆದು ನೋಡಿ ಅಳುವ ಬದಲು ಮೊದಲ ದಿನವೇ ನೋಡುವುದು ಒಳ್ಳೆಯದು.

ಪಬ್‌ಮೆಡ್ ಒಂದೇ ಸಾಲದು. ಮಹಿಳೆಯರ ಅನುಭವ, ಮಿಡ್‌ವೈಫ್‌ಗಳ ಮನಸ್ಥಿತಿ ಅಂಥ ಸಂದರ್ಶನ ಆಧಾರಿತ ಅಧ್ಯಯನಗಳಿಗೆ ನರ್ಸಿಂಗ್ ಪ್ರಬಂಧಗಳ ಡೇಟಾಬೇಸ್ ಸಿನಾಲ್ ನೋಡಲೇಬೇಕು, ಚಂದಾ ಇದ್ದರೆ. ಗೂಗಲ್ ಸ್ಕಾಲರ್ ಲಕ್ಷಗಟ್ಟಲೆ ಸಿಕ್ಕಿದೆ ಅಂತ ಹೇಳಿದರೂ ತೋರಿಸುವುದು ಮೊದಲ 1,000 ಮಾತ್ರ. ಇತ್ತೀಚೆಗೆ ಎಐ ಚಾಟ್ ಕೊಟ್ಟ ಪಟ್ಟಿ ಹಿಡಿದುಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಲೇಖಕರ ಹೆಸರು ಸರಿ, ಪತ್ರಿಕೆ ಸರಿ, ವರ್ಷ ಸರಿ, ಪ್ರಬಂಧ ಮಾತ್ರ ಭೂಮಿಯ ಮೇಲಿಲ್ಲ. ಪದಗಳನ್ನು ಯೋಚಿಸಲು ಅದನ್ನು ಕೇಳಿ, ತಪ್ಪಿಲ್ಲ. ಪ್ರಬಂಧ ಕೇಳಬೇಡಿ.

ಆ ರಕ್ತಸ್ರಾವದ ಸರ್ಚ್ ಈಗಲೂ ನನ್ನ ಹತ್ತಿರ ಇದೆ, ಹನ್ನೊಂದನೇ ಆವೃತ್ತಿ. ತಿಂಗಳಿಗೊಮ್ಮೆ ತಾನೇ ಓಡಿ ಇಮೇಲ್ ಕಳಿಸುವ ಹಾಗೆ ಇಟ್ಟಿದ್ದೇನೆ. ಈ ತಿಂಗಳು ಬಂದದ್ದು ಒಂಬತ್ತು. ಎರಡನ್ನು ಟ್ಯೂಟರ್ ಮೇಡಂಗೆ ಕಳಿಸಿದೆ. ಉಳಿದವುಗಳಲ್ಲಿ ಒಂದು, ನ್ಯಾನೋ ಕಣಗಳ ಮೂಲಕ ಔಷಧಿ ‘ಡೆಲಿವರಿ’ ಮಾಡುವುದರ ಬಗ್ಗೆ. ಅದು ಎಲ್ಲಿಂದ ನುಸುಳುತ್ತಿದೆ ಅಂತ ಇನ್ನೂ ಹುಡುಕುತ್ತಿದ್ದೇನೆ.