ಗೇಜ್ ಇಳಿದರೆ ಖುಷಿ ಪಡಬೇಡಿ

ಕೆನಡಾದ ಎಡ್ಮಂಟನ್‌ನಲ್ಲಿ ನದಿಗಳ ಲೆಕ್ಕಾಚಾರ ಮಾಡುವ ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿಯಲ್ಲಿ ನನ್ನ ಕೆಲಸ. ವರ್ಷದ ಹೆಚ್ಚಿನ ಭಾಗ ಸೇತುವೆ, ಪ್ರವಾಹದ ನಕ್ಷೆ ಅಂತ ಮಾಮೂಲಿ ಕೆಲಸವೇ. ಏಪ್ರಿಲ್ ಬಂದರೆ ಮಾತ್ರ ಉಳಿದದ್ದೆಲ್ಲ ಪಕ್ಕಕ್ಕೆ. ಚಳಿಗಾಲವಿಡೀ ಹೆಪ್ಪುಗಟ್ಟಿದ್ದ ಅಥಾಬಾಸ್ಕಾ ನದಿ ಒಡೆಯುವ ಕಾಲ ಅದು. ಐಸ್ ಎಲ್ಲಿ ಒಡೆದಿದೆ, ಎಲ್ಲಿಗೆ ಬಂದಿದೆ, ಎಲ್ಲಿ ಸಿಕ್ಕಿಕೊಂಡಿದೆ ಅಂತ ಹಗಲು ರಾತ್ರಿ ನೋಡುತ್ತಾ ಕೂರುತ್ತೇವೆ. ನಮ್ಮ ಕಡೆ ಮದುವೆ ಸೀಸನ್ ಕೂಡ ಅದೇ ಹೊತ್ತಿಗೆ. ನೆಂಟರು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಾರೆ.

"ಐಸ್ ಕರಗೋದನ್ನ ನೋಡೋಕೆ ಸಂಬಳ ಕೊಡ್ತಾರಾ?" ಅಂತ ಊರಿನ ಗೆಳೆಯರು ಕೇಳುತ್ತಾರೆ. ಕರಗಿದರೆ ಯಾರಿಗೂ ತೊಂದರೆ ಇಲ್ಲ. ಕರಗುವ ಮೊದಲೇ ಒಡೆದರೆ ತೊಂದರೆ.

ಕೆಲವು ವರ್ಷ ಬಿಸಿಲು ಮೆಲ್ಲಗೆ ಏರುತ್ತದೆ. ಐಸ್ ಇದ್ದಲ್ಲೇ ಕೊಳೆಯುತ್ತದೆ, ಕಪ್ಪಗಾಗುತ್ತದೆ, ಮೇಣದ ಬತ್ತಿಗಳ ಕಟ್ಟಿನ ಹಾಗೆ ಉದ್ದುದ್ದ ಹರಳಾಗಿ ಬಿಡಿಸಿಕೊಳ್ಳುತ್ತದೆ. ಆಮೇಲೆ ನೀರು ಬಂದರೂ ಅದನ್ನು ತಡೆಯುವ ಶಕ್ತಿ ಅದಕ್ಕಿರುವುದಿಲ್ಲ. ಇನ್ನು ಕೆಲವು ವರ್ಷ ಚಳಿ ಏಪ್ರಿಲ್ ನಡುವಿನ ತನಕ ಎಳೆದು, ಆಮೇಲೆ ಒಮ್ಮೆಲೇ ಸೆಕೆ ಬರುತ್ತದೆ. ಹಿಮ ಕರಗಿದ ನೀರು ದಬದಬ ಇಳಿಯುತ್ತದೆ. ಕೆಳಗೆ ಐಸ್ ಇನ್ನೂ ಗಟ್ಟಿಯಾಗಿಯೇ ಇದೆ. ನೀರು ಅದನ್ನು ಎತ್ತಿ, ಮುರಿದು, ತಳ್ಳಿಕೊಂಡು ಹೊರಡುತ್ತದೆ. ನಾವು ಹೆದರುವುದು ಇದಕ್ಕೆ. ಉತ್ತರಕ್ಕೆ ಹರಿಯುವ ನದಿಗಳಲ್ಲಿ ಈ ಭಯ ಜಾಸ್ತಿ. ದಕ್ಷಿಣದಲ್ಲಿರುವ ಮೇಲ್ಭಾಗ ಮೊದಲು ಬಿಸಿಯಾಗುತ್ತದೆ, ಕೆಳಭಾಗದಲ್ಲಿ ಇನ್ನೂ ಚಳಿಗಾಲ. ಅಥಾಬಾಸ್ಕಾ, ಹೇ ರಿವರ್, ಮೆಕೆಂಜಿ, ರಷ್ಯಾದ ಲೆನಾ ಎಲ್ಲಕ್ಕೂ ಇದೇ ಕಥೆ.

ಅಥಾಬಾಸ್ಕಾ ದಂಡೆಯ ಫೋರ್ಟ್ ಮೆಕ್‌ಮರ್ರೆ ಊರು ಕೂತಿರುವ ಜಾಗ ನೋಡಿದರೆ ಯಾಕೆ ಅಲ್ಲೇ ಐಸ್ ಸಿಕ್ಕಿಕೊಂಡು ಜಾಮ್ ಆಗುತ್ತದೆ ಅಂತ ಗೊತ್ತಾಗುತ್ತದೆ. ಊರಿನ ಮೇಲ್ಭಾಗದಲ್ಲಿ ನದಿ ಕಡಿದಾದ ಕಣಿವೆಯಲ್ಲಿ, ಒಂದರ ಹಿಂದೆ ಒಂದು ಬರುವ ರಭಸದ ಇಳಿಜಾರುಗಳಲ್ಲಿ ಧುಮುಕಿಕೊಂಡು ಬರುತ್ತದೆ. ಊರಿನ ಹತ್ತಿರ ಇಳಿಜಾರು ಸಪಾಟಾಗುತ್ತದೆ, ಪಾತ್ರ ಅಗಲವಾಗುತ್ತದೆ, ನಡುವೆ ಮರಳುದಿಬ್ಬ, ದ್ವೀಪ. ಓಡಿಬಂದ ಐಸ್ ಅಲ್ಲಿ ನಿಲ್ಲುತ್ತದೆ. ಅಲ್ಲೇ ಪಕ್ಕದಿಂದ ಕ್ಲಿಯರ್‌ವಾಟರ್ ನದಿ ಬಂದು ಸೇರುತ್ತದೆ. ಅಥಾಬಾಸ್ಕಾ ಕಟ್ಟಿಕೊಂಡರೆ ನೀರು ಕ್ಲಿಯರ್‌ವಾಟರ್ ಒಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಪೇಟೆ ಇರುವುದು ಸರಿಯಾಗಿ ಆ ಮೂಲೆಯ ತಗ್ಗಿನಲ್ಲಿ.

2020ರ ಏಪ್ರಿಲ್ ಕೊನೆಯಲ್ಲಿ ಆದದ್ದು ಇದೇ. ಸುಮಾರು 25 ಕಿ.ಮೀ. ಉದ್ದಕ್ಕೆ ಐಸ್ ಜಾಮ್ ಆಗಿತ್ತು. ಪೇಟೆ ಮುಳುಗಿತು. ಕೋವಿಡ್ ಲಾಕ್‌ಡೌನ್ ನಡುವೆಯೇ ಸುಮಾರು 13,000 ಜನ ಮನೆ ಬಿಡಬೇಕಾಯಿತು. 1977ರಲ್ಲೂ 1997ರಲ್ಲೂ ಇದೇ ಊರಿಗೆ ಐಸ್ ನೀರು ನುಗ್ಗಿತ್ತು. 1875ರಲ್ಲಿ ಒಂದು ಗಂಟೆಯೊಳಗೆ ನೀರು 57 ಅಡಿ ಏರಿತು ಅಂತ ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿ ಕಾಲದ ದಾಖಲೆ ಹೇಳುತ್ತದೆ. ಮೊದಲ ಸಲ ಓದಿದಾಗ ಬರೆದವರು ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದಾರೆ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಇಲ್ಲಿಗೆ ಬರುವ ಮೊದಲು ನಾನು ಕೃಷ್ಣಾ ಕೊಳ್ಳದ ಹರಿವಿನ ಲೆಕ್ಕ ಮಾಡುತ್ತಿದ್ದೆ. ಆಲಮಟ್ಟಿಯಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟರೆ ಕೆಳಗೆ ಮಟ್ಟ ಇಷ್ಟು ಏರುತ್ತದೆ. ಹರಿವು ಗೊತ್ತಾದರೆ ಮಟ್ಟ ಗೊತ್ತು, ಮಟ್ಟ ಗೊತ್ತಾದರೆ ಹರಿವು ಗೊತ್ತು. ನಮ್ಮ ಕಡೆಯ ಎಂಜಿನಿಯರ್‌ಗೆ ಇದು ರಕ್ತದಲ್ಲೇ ಇರುತ್ತದೆ. ಐಸ್ ಇರುವ ನದಿಯಲ್ಲಿ ಈ ಲೆಕ್ಕ ಪೂರ್ತಿ ಕೈಕೊಡುತ್ತದೆ. ನೀರು ಈಗ ತಳವನ್ನಷ್ಟೇ ಉಜ್ಜಿಕೊಂಡು ಹೋಗುವುದಿಲ್ಲ, ಮೇಲಿನ ಐಸ್ ಹೊದಿಕೆಯನ್ನೂ ಉಜ್ಜಬೇಕು. ನುಣುಪಾದ ಹೊದಿಕೆ ಇದ್ದರೇ ಅಷ್ಟೇ ಹರಿವಿಗೆ ಸುಮಾರು 30% ಜಾಸ್ತಿ ಆಳ ಬೇಕು. ಅದು ಮುರಿದು, ಒಂದರ ಮೇಲೊಂದು ಏರಿ, ಹಲವು ಮೀಟರ್ ದಪ್ಪದ ಜಾಮ್ ಆದರೆ ಆಳ ಎರಡು ಮೂರು ಪಟ್ಟು ಆಗಬಹುದು. ಒಂದು ಚೊಂಬು ನೀರು ಹೆಚ್ಚಿಗೆ ಬರದೆಯೂ ಊರು ಮುಳುಗುತ್ತದೆ! ಕೆನಡಾದಲ್ಲಿ ನದಿಯ ನೀರಿನ ಮಟ್ಟ ಅಳೆಯುವ ಸರ್ಕಾರಿ ಗೇಜ್‌ಗಳ ದಾಖಲೆಗಳಲ್ಲಿ ಐಸ್ ಇರುವ ದಿನಗಳ ಹರಿವಿನ ಪಕ್ಕ 'ಬಿ' ಅಂತ ಒಂದು ಅಕ್ಷರ ಇರುತ್ತದೆ. ಈ ಅಂಕಿಗೆ ಮಾಮೂಲಿ ಲೆಕ್ಕ ನಡೆಯುವುದಿಲ್ಲ ಅಂತ ಅರ್ಥ. ನಮ್ಮಲ್ಲಿ ಹೊಸಬರಿಗೆ ಮೊದಲು ತೋರಿಸುವುದೇ ಅದನ್ನು.

ಒಂದು ಸಂಜೆ ಊರಿನ ಮೇಲ್ಭಾಗದ ಒಂದು ಗೇಜ್ ಇಳಿಯತೊಡಗಿತು. ದಿನವಿಡೀ ಏರುತ್ತಿದ್ದದ್ದು ನಿಧಾನವಾಗಿ, ನೇರವಾಗಿ ಕೆಳಗೆ. ಕೋಣೆಯಲ್ಲಿ ಎಲ್ಲರಿಗೂ ನಿರಾಳ. ಯಾರೋ ಪಿಜ್ಜಾ ಆರ್ಡರ್ ಮಾಡೋಣ ಅಂದರು. ನಮ್ಮ ತಂಡದ ಹಿರಿಯರು ಮಾತ್ರ ಪರದೆ ನೋಡಿ ಫೋನ್ ಎತ್ತಿಕೊಂಡರು. "ನೀರು ಎಲ್ಲಿಗೆ ಹೋಯ್ತು?" ಅಂತ ಒಂದೇ ಪ್ರಶ್ನೆ. ಬೆಚ್ಚಗಿನ ದಿನ, ಹಿಮ ಕರಗುತ್ತಲೇ ಇದೆ. ನೀರು ಕಡಿಮೆಯಾಗಲು ಕಾರಣವೇ ಇಲ್ಲ. ಅಂದರೆ ಗೇಜ್‌ಗಿಂತ ಮೇಲೆ ಎಲ್ಲೋ ಐಸ್ ಸಿಕ್ಕಿಕೊಂಡು ನೀರನ್ನು ಹಿಡಿದಿಟ್ಟಿದೆ. ಅದು ಬಿಟ್ಟಾಗ ಎಲ್ಲವೂ ಒಟ್ಟಿಗೆ ಬರುತ್ತದೆ. ರಾತ್ರಿ ಒಂದು ಹೊತ್ತಿನಲ್ಲಿ ಅದು ಬಿಟ್ಟಿತು. ಗೇಜ್ ಗೆರೆ ಗೋಡೆಯಂತೆ ಮೇಲಕ್ಕೆದ್ದು, ಆಮೇಲೆ ಸಿಗ್ನಲ್ಲೇ ನಿಂತಿತು. ಸೆನ್ಸರ್ ಐಸ್ ಪಾಲಾಗಿತ್ತು. ಅಷ್ಟರಲ್ಲಿ ತಿಳಿಸಬೇಕಾದವರಿಗೆಲ್ಲ ತಿಳಿಸಿ ಆಗಿತ್ತು. ಜಾಮ್ ಬಿಟ್ಟಾಗ ಹೊರಡುವ ಈ ಅಲೆಗೆ ನಮ್ಮವರು 'ಜೇವ್' ಅನ್ನುತ್ತಾರೆ. ಕೆಳಗಿನ ಗಟ್ಟಿ ಐಸನ್ನೂ ಅದು ಒಡೆದುಕೊಂಡು ಹೋಗಬಲ್ಲದು.

ಆವತ್ತು ನನ್ನ ತಲೆಯಲ್ಲಿ ಕೂತ ವಿಷಯ ಇಷ್ಟೇ. ಗೇಜ್ ಇಳಿದರೆ ಎರಡು ಅರ್ಥ: ಮೇಲೆ ಜಾಮ್ ಆಗಿದೆ, ಇಲ್ಲವೇ ಕೆಳಗಿನ ಜಾಮ್ ಬಿಟ್ಟಿದೆ. ಏರಿದರೂ ಎರಡು ಅರ್ಥ: ಕೆಳಗೆ ಜಾಮ್ ಆಗಿ ನೀರು ಹಿಂದಕ್ಕೆ ತುಂಬುತ್ತಿದೆ, ಇಲ್ಲವೇ ಮೇಲಿನ ಜಾಮ್ ಬಿಟ್ಟು ಅಲೆ ಬರುತ್ತಿದೆ. ಇಳಿದಾಗ ಕೆಳಗಿನ ಜಾಮ್ ಬಿಟ್ಟಿದ್ದರೆ ಊರು ಪಾರು, ಮೇಲೆ ಜಾಮ್ ಆಗಿದ್ದರೆ ಊರು ಖಾಲಿ ಮಾಡಿಸಬೇಕಾಗಬಹುದು. ಗೆರೆಯ ಆಕಾರ ಸ್ವಲ್ಪ ಸುಳಿವು ಕೊಡುತ್ತದೆ. ಬಿಟ್ಟ ಜಾಮ್‌ನ ಅಲೆ ನಿಮಿಷಗಳಲ್ಲಿ ಏರುತ್ತದೆ, ಹಿಂದಕ್ಕೆ ತುಂಬುವ ನೀರು ಸಾಮಾನ್ಯವಾಗಿ ಅದಕ್ಕಿಂತ ನಿಧಾನ. ಆದರೆ ಆಕಾರ ನೋಡಿ ಮಾತ್ರ ಸೈರನ್ ಊದಲಾಗುವುದಿಲ್ಲ. ಯಾರಾದರೂ ಕಣ್ಣಲ್ಲಿ ನೋಡಬೇಕು.

ನೋಡುವುದು ಹೇಗೆ? ಹಗಲಿನಲ್ಲಿ ಹೆಲಿಕಾಪ್ಟರ್. ಆಲ್ಬರ್ಟಾ ಪ್ರಾಂತ್ಯದ ನದಿ ಮುನ್ಸೂಚನೆ ತಂಡದವರು ನದಿಗುಂಟ ಹಾರಿ, ಎಲ್ಲಿ ಗಟ್ಟಿ ಐಸ್, ಎಲ್ಲಿ ತೆರೆದ ನೀರು, ಎಲ್ಲಿ ಪುಡಿ ಐಸ್ ಅಂತ ಬರೆದು ಎಲ್ಲರಿಗೂ ಸಿಗುವಂತೆ ಹಾಕುತ್ತಾರೆ. ಜೊತೆಗೆ ದಂಡೆಯ ಮೇಲೆ ಕ್ಯಾಮೆರಾಗಳು. ಮತ್ತೆ ಉಪಗ್ರಹದ ರೇಡಾರ್ ಚಿತ್ರ. ರಾತ್ರಿಯಾಗಲಿ ಮೋಡವಿರಲಿ ರೇಡಾರ್‌ಗೆ ಕಾಣುತ್ತದೆ, ಆ ಮಟ್ಟಿಗೆ ವರವೇ. ಮುರಿದು ರಾಶಿಯಾದ ಒರಟು ಐಸ್ ಬೆಳ್ಳಗೆ ಹೊಳೆಯುತ್ತದೆ, ತೆರೆದ ನೀರು ಕಪ್ಪು. ಆದರೆ ಐಸ್ ಮೇಲಿನ ಹಿಮ ಒದ್ದೆಯಾದರೆ ಅದೂ ಕಪ್ಪಾಗಿಯೇ ಕಾಣುತ್ತದೆ. ಹಿಮ ಒದ್ದೆಯಾಗುವುದು ಯಾವಾಗ? ಇದೇ ಎರಡು ವಾರ. ನಮಗೆ ಅತಿ ಬೇಕಾದಾಗಲೇ ಚಿತ್ರ ಗೊಂದಲ ಮಾಡುತ್ತದೆ. ಮೇಲಾಗಿ ಉಪಗ್ರಹ ತನ್ನ ಸಮಯಕ್ಕೆ ಬರುತ್ತದೆ, ಜಾಮ್ ತನ್ನ ಸಮಯಕ್ಕೆ.

ಹಾಗಾಗಿ ದಂಡೆಯಲ್ಲಿ ವಾಸಿಸುವವರ ಫೋನ್ ನಂಬರ್‌ಗಳು ನಮ್ಮಲ್ಲಿ ಬಂಗಾರ ಇದ್ದಂತೆ. ಸದ್ದು ಬದಲಾಯಿತು, ದಂಡೆ ಪಕ್ಕ ಉದ್ದಕ್ಕೆ ಬಿರುಕು ಬಿಟ್ಟಿದೆ, ಅಂಚಿನಲ್ಲಿ ನೀರು ಬಂದಿದೆ, ಐಸ್ ಎದ್ದಿದೆ ಅಂತ ಅವರು ಹೇಳುವ ಮಾತು ಎಷ್ಟೋ ಸಲ ನಮ್ಮ ಕಂಪ್ಯೂಟರ್ ಮಾಡೆಲ್‌ಗಿಂತ ಮೊದಲು ಬರುತ್ತದೆ. ಹೊಸದಾಗಿ ಬಂದ ಡೇಟಾ ಹುಡುಗರಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಒಂದು ಸೀಸನ್ ಕಳೆದರೆ ಆಗುತ್ತದೆ.

ಯಾವ ದಿನ ಒಡೆಯುತ್ತದೆ ಅಂತ ಮೊದಲೇ ಹೇಳಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಅಲಾಸ್ಕಾದ ನೆನಾನಾ ಎಂಬ ಊರಿನಲ್ಲಿ 1917ರಿಂದ ಜನ ಇದರ ಮೇಲೆ ಬಾಜಿ ಕಟ್ಟುತ್ತಿದ್ದಾರೆ. ತನಾನಾ ನದಿಯ ಐಸ್ ಮೇಲೆ ಒಂದು ಮರದ ಚೌಕಟ್ಟು ನೆಟ್ಟು ಗಡಿಯಾರಕ್ಕೆ ದಾರ ಕಟ್ಟುತ್ತಾರೆ, ಐಸ್ ಕದಲಿದರೆ ಗಡಿಯಾರ ನಿಲ್ಲುತ್ತದೆ. ಅಲ್ಲಿ 2019ರಲ್ಲಿ ಏಪ್ರಿಲ್ 14ಕ್ಕೇ ಐಸ್ ಹೋಯಿತು, 1964ರಲ್ಲಿ ಮೇ 20ರ ತನಕ ನಿಂತಿತ್ತು. ಒಂದೇ ನದಿ, ಒಂದೇ ಜಾಗ, ಐದು ವಾರದ ಅಂತರ. ದಿನ ಹೇಳುವುದಕ್ಕಿಂತ ಯಾವ ರೀತಿ ಒಡೆಯಬಹುದು ಅಂತ ಹೇಳುವುದು ಹೆಚ್ಚು ಉಪಯೋಗ. ಚಳಿಗಾಲ ಮುಗಿಯುವ ಮೊದಲೇ ಐಸ್ ಕೊರೆದು ದಪ್ಪ ಅಳೆದಿರುತ್ತಾರೆ, ಮೇಲ್ಭಾಗದಲ್ಲಿ ಎಷ್ಟು ಹಿಮ ಕೂತಿದೆ ಅಂತ ಗೊತ್ತಿರುತ್ತದೆ. ನವೆಂಬರ್‌ನಲ್ಲಿ ನದಿ ಹೆಪ್ಪುಗಟ್ಟುವಾಗ ಮಟ್ಟ ಎಷ್ಟಿತ್ತು ಎಂಬುದೂ ಮುಖ್ಯ. ಎತ್ತರದ ಮಟ್ಟದಲ್ಲಿ ಕೂತ ಐಸ್ ಎತ್ತಲು ಅಷ್ಟೇ ಎತ್ತರದ ನೀರು ಬೇಕು.

ಜಾಮ್ ಹೋದ ಮೇಲೂ ಕೆಲಸ ಮುಗಿಯುವುದಿಲ್ಲ. ನಡುವಿನ ಐಸ್ ಕೊಚ್ಚಿಹೋದರೂ ಎರಡೂ ದಂಡೆಗೆ ಅಂಟಿಕೊಂಡು ಐಸ್ ಗೋಡೆಗಳು ಉಳಿಯುತ್ತವೆ, ನೆಟ್ಟಗೆ ಕತ್ತರಿಸಿಟ್ಟಂತೆ. ಹೋದ ಐಸ್ ಉಜ್ಜಿದ ಗೀರು ಅದರ ಮೇಲೆ ಕಾಣುತ್ತದೆ. ಆ ಗೋಡೆಯ ಎತ್ತರದಿಂದ ಜಾಮ್ ಎಷ್ಟು ದಪ್ಪ ಇತ್ತು ಅಂತ ಅಂದಾಜು ಸಿಗುತ್ತದೆ. ಕರಗಿ ಕುಸಿಯುವ ಮೊದಲು ಅಳೆಯಬೇಕು, ಆದರೆ ಗೋಡೆಯ ಬುಡದಲ್ಲಿ ನಿಲ್ಲಬಾರದು. ದೂರದಿಂದ ಸರ್ವೆ ಉಪಕರಣದಲ್ಲೋ ಡ್ರೋನ್‌ನಲ್ಲೋ ಅಳೆದು, ನೀರು ಮುಟ್ಟಿದ ಗುರುತುಗಳ ಜೊತೆ ಸೇರಿಸಿ ಮಾಡೆಲ್ ತಿದ್ದುತ್ತೇವೆ. ದಂಡೆಯ ಏರಿ ಎಷ್ಟು ಎತ್ತರ ಇರಬೇಕು, ಎಲ್ಲಿ ಮನೆ ಕಟ್ಟಬಾರದು ಎಂಬ ನಕ್ಷೆಗೆ ಹೋಗುವುದು ಆ ಅಳತೆಗಳೇ.